ಗೇಣುದ್ದದ ಡೀಸೆಲ್ಲಿಗೆ ಇಂಗ್ಲೆಂಡಿನ ಚಳಿ

ಇಟ್ಟಮಡು, ಮಹಡಿ ಕೋಣೆ

ನಮ್ಮ ಜೊತೆ ಇಂಗ್ಲೆಂಡಿಗೆ ಬಂದ ಮೂರನೆಯ ಪ್ರಯಾಣಿಕನ ಉದ್ದ ಒಂದು ಗೇಣು. ನೀಲಿ ಮೈ, ನಡುವೆ ಕೆನೆ ಬಣ್ಣದ ಪಟ್ಟಿ, ಮೂತಿಯಲ್ಲಿ ಪುಟ್ಟ ದೀಪಗಳು. ನಮ್ಮ ಚಿಕ್ಕಂದಿನಲ್ಲಿ ಕಪ್ಪು ಹೊಗೆ ಉಗುಳುತ್ತ ಗುಡುಗುಡು ಎಂದು ಹೋಗುತ್ತಿದ್ದ ಡೀಸೆಲ್ ಎಂಜಿನ್ನಿನ ಪಡಿಯಚ್ಚು. ಅದನ್ನು ಎರಡು ಬ್ಲೌಸ್ ಪೀಸಿನಲ್ಲಿ ಸುತ್ತಿ, ರೇಷ್ಮೆ ಸೀರೆ ಕೊಂಡಾಗ ಕೊಟ್ಟಿದ್ದ ಗಟ್ಟಿ ಡಬ್ಬಿಯಲ್ಲಿಟ್ಟು, ಮಡಿಲಲ್ಲಿ ಇಟ್ಟುಕೊಂಡೇ ಹೋದೆ. ಮಕ್ಕಳನ್ನೂ ನಾನು ಇಷ್ಟು ಜೋಪಾನವಾಗಿ ಎಲ್ಲಿಗೂ ಕರೆದುಕೊಂಡು ಹೋಗಿಲ್ಲ.

ಈ ಹುಚ್ಚು ಮೂಲದಲ್ಲಿ ನನ್ನದಲ್ಲ, ನಮ್ಮವರದು. ಬೊಮ್ಮನಹಳ್ಳಿಯಲ್ಲಿ ಅವರದೊಂದು ಮೋಟರ್ ವೈಂಡಿಂಗ್ ಅಂಗಡಿ ಇತ್ತು. ಸುತ್ತಮುತ್ತಲ ಗಾರ್ಮೆಂಟ್ಸ್‌ನವರ ಸುಟ್ಟ ಮೋಟರುಗಳಿಗೆಲ್ಲ ಹೊಸ ತಂತಿ ಸುತ್ತಿ ಜೀವ ಕೊಡುತ್ತಿದ್ದರು. ಹಗಲೆಲ್ಲ ದೊಡ್ಡ ಮೋಟರು, ಸಂಜೆ ಮನೆಗೆ ಬಂದರೆ ಮಹಡಿ ಕೋಣೆಯಲ್ಲಿ ಚಿಕ್ಕ ಮೋಟರು. ಕೋಣೆಯ ನಾಲ್ಕೂ ಗೋಡೆಗೆ ಹಲಗೆ ಹೊಡೆದು ಅದರ ಮೇಲೆ ಹಳಿ, ಸ್ಟೇಷನ್ನು, ಗುಡ್ಡ, ಸುರಂಗ ಎಲ್ಲ ಮಾಡಿದ್ದರು. ನಮ್ಮತ್ತೆ ಪಾರ್ವತಮ್ಮನವರು ಅದಕ್ಕೆ ಬೊಂಬೆ ರೈಲು ಎಂದು ಹೆಸರಿಟ್ಟಿದ್ದರು. ನಾನು ಇಟ್ಟ ಹೆಸರನ್ನು ಇಲ್ಲಿ ಬರೆಯುವುದು ಬೇಡ. ಒಗೆದ ಬಟ್ಟೆ ಒಣಹಾಕಲು ಮಳೆಗಾಲದಲ್ಲಿ ಅದೊಂದೇ ಜಾಗ ಇದ್ದದ್ದು, ಅದನ್ನೂ ರೈಲು ನುಂಗಿತ್ತು.

ಆಮೇಲೆ ಅವರ ಕೈ ನಡುಗತೊಡಗಿತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. ಅಂಗಡಿ ಮುಚ್ಚಿದೆವು. ಒಂದು ಸಂಜೆ ಕಾಫಿ ಕೊಡಲು ಮಹಡಿಗೆ ಹೋದರೆ, ನಮ್ಮವರು ಈ ನೀಲಿ ಎಂಜಿನ್ನಿನ ಹೊಟ್ಟೆ ಬಿಚ್ಚಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಬೆಸುಗೆ ಕಡ್ಡಿ ತಣ್ಣಗಾಗಿತ್ತು. ಕೂದಲಿನಷ್ಟು ಸಣ್ಣ ತಂತಿಯೊಂದನ್ನು ಅದರ ಜಾಗಕ್ಕೆ ಸೇರಿಸಲು ಅವರಿಗೆ ಆಗುತ್ತಿರಲಿಲ್ಲ. ನಾನು ಇಟ್ಟಮಡುವಿನ ಅರ್ಧ ಹೆಂಗಸರಿಗೆ ಬ್ಲೌಸ್ ಹೊಲಿದುಕೊಟ್ಟವಳು. ಸೂಜಿಗೆ ದಾರ ಪೋಣಿಸುವುದು ನನಗೇನು ಹೊಸದೆ? "ಎಲ್ಲಿಗೆ ಅಂತ ತೋರ್ಸಿ" ಎಂದೆ. ತೋರಿಸಿದರು. ಕಾಫಿ ಆರಿಹೋಯಿತು.

ಅಲ್ಲಿಂದ ನಾನೂ ಕೆಟ್ಟೆ. ಹಳೆಯ ಮೋಟರ್ ತೆಗೆದು ಸದ್ದೇ ಮಾಡದ ಹೊಸ ತೆಳು ಮೋಟರ್ ಕೂರಿಸಿದೆವು. ಎಂಜಿನ್ ಗಕ್ಕೆಂದು ನಿಲ್ಲದೆ ಸರಾಗವಾಗಿ ನಿಲ್ಲಲಿ ಎಂದು ಹಿತ್ತಾಳೆಯ ಗಾಲಿಯೊಂದನ್ನು ಮೋಟರಿಗೆ ಜೋಡಿಸಿದೆವು. ಮಿಣಿಮಿಣಿ ಬಲ್ಬು ಕಿತ್ತು ಎಲ್‌ಇಡಿ ಹಾಕಿದೆವು. ಉಗುರಿನಷ್ಟು ಅಗಲದ ಚಿಪ್ ಒಂದನ್ನು ಒಳಗಿಟ್ಟ ಮೇಲೆ, ಕೈಯಲ್ಲಿನ ಗುಂಡಿ ಒತ್ತಿದರೆ ದೀಪ, ಹಾರನ್, ಡೀಸೆಲ್ಲಿನ ಗುಡುಗುಡು ಎಲ್ಲ ಬೇರೆ ಬೇರೆಯಾಗಿ ಬರತೊಡಗಿದವು. ಮೂತಿಗೆ ಹಳದಿ ದಾರದ ಗಂಟುಗಳಲ್ಲಿ ಒಂದು ಚೆಂಡು ಹೂವಿನ ಹಾರ ಕಟ್ಟಿದ್ದು ಮಾತ್ರ ಪೂರ್ತಿ ನನ್ನದೇ ಯೋಚನೆ. "ಕಣ್ಣು ನಂದು, ಕೈ ನಿಂದು" ಎಂದು ನಮ್ಮವರು ನಗುತ್ತಿದ್ದರು. ಆದರೆ ಆ ನಗುವಿನಲ್ಲಿ ಒಂದು ಚೂರು ಸಂಕಟವೂ ಇರುತ್ತಿತ್ತು. ಮೂವತ್ತು ವರ್ಷ ಇನ್ನೊಬ್ಬರ ಮೋಟರ್ ರಿಪೇರಿ ಮಾಡಿದವರಿಗೆ ತನ್ನದನ್ನು ಇನ್ನೊಬ್ಬರ ಕೈಗೆ ಕೊಡುವುದು ಸುಲಭವಲ್ಲ.

ಅಷ್ಟರಲ್ಲಿ ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿನಿಂದ ಕೆನೆತ್ ಎಂಬವರು ಕರೆದರು. ನಮ್ಮವರಿಗೂ ಅವರಿಗೂ ವರ್ಷಗಳಿಂದ ಫೋನಿನಲ್ಲೇ ಸ್ನೇಹ. ಒಬ್ಬರ ಮುಖ ಒಬ್ಬರಿಗೆ ಅಷ್ಟಾಗಿ ಗೊತ್ತಿಲ್ಲ, ಎಂಜಿನ್ನುಗಳ ಹೊಟ್ಟೆ ಮಾತ್ರ ಚೆನ್ನಾಗಿ ಗೊತ್ತು. ಅವರ ಊರಿನ ಮಾದರಿ ರೈಲು ಕ್ಲಬ್ಬಿನ ವಸಂತಕಾಲದ ಪ್ರದರ್ಶನಕ್ಕೆ ನಮ್ಮ ನೀಲಿ ಎಂಜಿನ್ ತರಬೇಕಂತೆ, ಮಧ್ಯಾಹ್ನವಿಡೀ ದೊಡ್ಡ ಹಳಿಯ ಮೇಲೆ ಓಡಿಸಬೇಕಂತೆ.

ನಮ್ಮವರು ಒಪ್ಪಿದರು. ಒಪ್ಪಿದ ಮಾರನೆಯ ದಿನವೇ ಎಲ್ಲಿಂದಲೋ ಒಂದು ಪ್ಲೈವುಡ್ ಬೋರ್ಡ್ ಬರೆಸಿಕೊಂಡು ಬಂದು ಬಾಗಿಲ ಹಿಂದೆ ನಿಲ್ಲಿಸಿದರು. "ಕೋಣೆ ಬಾಡಿಗೆಗಿದೆ" ಎಂದು ದಪ್ಪಕ್ಷರದಲ್ಲಿತ್ತು. ಪಕ್ಕದ ಬೀದಿಯಲ್ಲಿ ಟ್ಯೂಷನ್ ಮಾಡುವ ಮೇಷ್ಟ್ರು ಆ ಕೋಣೆಯನ್ನು ಕೇಳುತ್ತಲೇ ಇದ್ದರು.

"ಏನ್ರೀ ಇದು?" ಎಂದೆ.

"ನೋಡು ಗಿರಿಜಾ, ಅಲ್ಲಿ ನಾಲ್ಕು ಜನ ಬಲ್ಲೋರ ಮುಂದೆ ಓಡ್ತು ಅಂದ್ರೆ ಸರಿ. ಓಡ್ಲಿಲ್ಲ ಅಂದ್ರೆ ಬಂದ್ಮೇಲೆ ಎಲ್ಲಾ ಕೊಟ್ಟುಬಿಡ್ತೀನಿ. ನಿನ್ನ ಕೈಯಲ್ಲಿ ಮಾಡಿಸ್ಕೊಂಡು ನನ್ನದು ಅಂತ ಎಷ್ಟು ದಿನ ಹೇಳ್ಕೊಳ್ಳಿ?"

ಆ ಕೋಣೆ ಖಾಲಿಯಾಗಲಿ ಎಂದು ಇಪ್ಪತ್ತು ವರ್ಷ ಬೈದವಳು ನಾನು. ಈಗ ನಾನೇ ಆ ಬೋರ್ಡನ್ನು ಗೋಡೆ ಕಡೆ ಮುಖ ಮಾಡಿ ತಿರುಗಿಸಿಟ್ಟೆ.

ಹೊರಡುವ ಹಿಂದಿನ ದಿನ ಕೊನೆಯ ಸರ್ವೀಸ್ ಮಾಡಿದೆ. ಚಕ್ರ ಒರೆಸಿ, ಗೇರುಗಳಿಗೆ ಎಣ್ಣೆ ಬಿಟ್ಟೆ. ಈ ಕೆಲಸಕ್ಕೆಂದೇ ಕೆನೆತ್ ಒಮ್ಮೆ ಕಳಿಸಿದ್ದ ಎಣ್ಣೆ, ಸೂಜಿಮೂತಿಯ ಪುಟ್ಟ ಬಾಟಲಿಯಲ್ಲಿತ್ತು. ಮುಗಿಯುತ್ತ ಬಂದಿರಬೇಕು ಎಂದುಕೊಂಡಿದ್ದೆ. ನೋಡಿದರೆ ಇನ್ನೂ ಕುತ್ತಿಗೆಯವರೆಗೆ ಇತ್ತು. ಏಪ್ರಿಲ್ ತಿಂಗಳ ಧಗೆ, ಎಣ್ಣೆ ನೀರಿನ ಹಾಗೆ ಇಳಿಯಿತು. ಎಲ್ಲ ಗೇರಿಗೂ ಧಾರಾಳವಾಗಿ ಬಿಟ್ಟೆ. ಅತ್ತೆ ಎಂಜಿನ್ನಿನ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದು "ಹೋಗ್ಬಿಟ್ಟು ಬಾರಪ್ಪ" ಎಂದರು. ಅದನ್ನು ಒರೆಸಲು ನಮಗೆ ಮನಸ್ಸಾಗಲಿಲ್ಲ.

ದೇವನಹಳ್ಳಿ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಮ್ಮ ಸೀರೆ ಡಬ್ಬಿ ಮಷಿನ್ನಿನೊಳಗೆ ಹೋಗಿ, ಹಿಂದೆ ಬಂದು, ಮತ್ತೆ ಹೋಯಿತು. ಪರದೆಯ ಮೇಲೆ ಮೋಟರು, ತಂತಿ, ಚಿಪ್ ಎಲ್ಲ ಕಂಡಿರಬೇಕು. ಅಧಿಕಾರಿಯೊಬ್ಬರು ಪಕ್ಕಕ್ಕೆ ಕರೆದರು.

"ಏನ್ ಮೇಡಂ ಇದು?"

"ಡೀಸೆಲ್ ಎಂಜಿನ್ನು ಸಾರ್."

ಹಾಗೆ ಹೇಳಬಾರದಿತ್ತು ಎಂದು ಅವರ ಹುಬ್ಬು ನೋಡಿದ ಮೇಲೆ ಹೊಳೆಯಿತು. ಬ್ಲೌಸ್ ಪೀಸು ಬಿಚ್ಚಿ ತೋರಿಸಿದೆ. ವಿಭೂತಿ ಹಚ್ಚಿಕೊಂಡು, ಹಾರ ಹಾಕಿಕೊಂಡು ಮಲಗಿದ್ದ ಎಂಜಿನ್ನನ್ನು ಅವರು ಬಗ್ಗಿ ನೋಡಿದರು. ಹಿಂದಿನ ಸಾಲಿನವರೂ ಕುತ್ತಿಗೆ ಉದ್ದ ಮಾಡಿದರು.

"ಓಡುತ್ತಾ?"

"ಹಳಿ ಮೇಲಿಟ್ರೆ ಓಡುತ್ತೆ ಸಾರ್. ಹಾರನ್ನೂ ಹೊಡೆಯುತ್ತೆ" ಎಂದರು ನಮ್ಮವರು. ಸಂತೋಷಕ್ಕೋ ಗಾಬರಿಗೋ, ಅವರ ಕೈ ಇನ್ನಷ್ಟು ನಡುಗುತ್ತಿತ್ತು. ಅಧಿಕಾರಿ ಅದನ್ನೂ ನೋಡಿದರು. ಆಮೇಲೆ ತಾವೇ ಎಂಜಿನ್ನಿಗೆ ಬಟ್ಟೆ ಸುತ್ತಿ, "ನಮ್ಮಪ್ಪ ಲೆವೆಲ್ ಕ್ರಾಸಿಂಗ್ ಗೇಟಲ್ಲಿದ್ರು ಅಂಕಲ್. ಸಖತ್ತಾಗಿದೆ, ಹುಷಾರಾಗಿ ಕರ್ಕೊಂಡ್ಹೋಗಿ" ಎಂದರು.

ಮೊರೀನ್ ಮನೆ

ಕೆನೆತ್ ಮತ್ತು ಅವರ ಹೆಂಡತಿ ಮೊರೀನ್ ನಮ್ಮನ್ನು ತಮ್ಮ ಮನೆಯಲ್ಲೇ ಇಳಿಸಿಕೊಂಡರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಅದು ಅಲ್ಲಿನ ವಸಂತ. ತೋಟದಲ್ಲಿ ಹಳದಿ ಹೂವುಗಳು ಅರಳಿದ್ದವು, ಮೊರೀನ್ ಅರ್ಧ ತೋಳಿನ ಅಂಗಿಯಲ್ಲಿ "ಎಂಥ ಒಳ್ಳೆಯ ದಿನ" ಎನ್ನುತ್ತ ಓಡಾಡುತ್ತಿದ್ದರು. ನಾನು ಎರಡು ಸ್ವೆಟರ್, ಒಂದು ಶಾಲು, ಕಿವಿಗೆ ಮಫ್ಲರ್ ಹಾಕಿಕೊಂಡು ಆ ಒಳ್ಳೆಯ ದಿನವನ್ನು ಕಿಟಕಿಯಿಂದ ನೋಡಿದೆ.

ನಮ್ಮ ಕೋಣೆಯ ಗೋಡೆಗೆ ಕಬ್ಬಿಣದ ಹೀಟರ್ ಇತ್ತು, ಪಕ್ಕದಲ್ಲಿ ಒಂದು ತಿರುಪು. ಅದನ್ನು ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಕೋಣೆ ನಮ್ಮ ಇಟ್ಟಮಡುವಿನ ಮೇ ತಿಂಗಳಾಯಿತು. ಟವೆಲ್ ಕೊಡಲು ಬಂದ ಮೊರೀನ್ ಬಾಗಿಲಲ್ಲೇ ಒಂದು ಹೆಜ್ಜೆ ಹಿಂದೆ ಸರಿದು, ಮುಖ ಕೆಂಪಗೆ ಮಾಡಿಕೊಂಡು, "ನಿಮಗೆ ಹಿತವಾಗಿದೆಯಲ್ಲ, ಅಷ್ಟೇ ಮುಖ್ಯ" ಎಂದು ಓಡಿದರು. ಅಲ್ಲಿನವರಿಗೆ ಬೇಡ ಎನ್ನಲು ಬರುವುದಿಲ್ಲ. ನಮ್ಮ ಕಡೆಯಾದರೆ "ಏನ್ರಮ್ಮ ಇದು, ಬೇಯಿಸ್ತಿದೀರಾ?" ಎಂದು ಕೇಳಿ ತಿರುಪು ತಾವೇ ತಿರುಗಿಸಿ ಹೋಗುತ್ತಿದ್ದರು.

ಹೀಟರ್ ಮೇಲಿನ ಹಲಗೆಯ ಮೇಲೆ ಒಂದು ಮೊಳ ಹಳಿ ಹಾಸಿ ಎಂಜಿನ್ ಇಟ್ಟು ನೋಡಿದೆವು. ಗುಡುಗುಡು ಎಂದು ಆ ತುದಿಗೆ ಹೋಯಿತು, ಈ ತುದಿಗೆ ಬಂತು. ಪ್ರಯಾಣದಲ್ಲಿ ಏನೂ ಆಗಿಲ್ಲವೆಂದು ನಮ್ಮವರು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

ಬೆಳಿಗ್ಗೆ ತಲೆ ಬಾಚಲು ಹೋದರೆ ಸ್ನಾನದ ಮನೆಯಲ್ಲಿಟ್ಟಿದ್ದ ನನ್ನ ತಲೆಗೆಣ್ಣೆ ಬೆಣ್ಣೆಯಾಗಿ ಕೂತಿತ್ತು. ನಮ್ಮ ಡಿಸೆಂಬರಿನಲ್ಲಿ ಆಗುವುದಕ್ಕಿಂತ ಗಟ್ಟಿ. ಬಾಟಲಿಯನ್ನು ತಲೆಕೆಳಗು ಮಾಡಿದರೂ ಒಂದು ಹನಿ ಬೀಳಲಿಲ್ಲ. ತಂದು ಹೀಟರ್ ಮೇಲೆ, ಎಂಜಿನ್ನಿನ ಪಕ್ಕದಲ್ಲೇ ಇಟ್ಟೆ. ಎರಡೂ ಅಕ್ಕಪಕ್ಕದಲ್ಲಿ ಬೆಚ್ಚಗೆ ಕೂತಿದ್ದವು. ನೋಡುತ್ತಲೇ ತಲೆ ಬಾಚಿಕೊಂಡೆ, ನನಗೇನೂ ಹೊಳೆಯಲಿಲ್ಲ.

ಕೆನೆತ್ ಅವರ ಶೆಡ್

ತೋಟದ ಮೂಲೆಯಲ್ಲಿ ಒಂದು ಮರದ ಶೆಡ್. ಕೆನೆತ್ ಅಲ್ಲಿಗೆ ಹೋಗುವಾಗ ಕನ್ನಡಕ, ಅಂಗಿ, ದನಿ ಎಲ್ಲ ಬದಲಾಗುತ್ತದೆ. ಒಳಗೆ ಅವರ ಡೀಸೆಲ್ಲುಗಳು ಸಾಲಾಗಿ ನಿಂತಿದ್ದವು. ಯಾವುದಕ್ಕೆ ಯಾವಾಗ ಚಕ್ರ ಒರೆಸಬೇಕು, ಯಾವುದರ ಗೇರು ಸ್ವಲ್ಪ ಕುಂಟುತ್ತದೆ, ಯಾವುದಕ್ಕೆ ಎಣ್ಣೆ ಹೆಚ್ಚಾದರೆ ಜಾರುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಜಯನಗರದ ಪಾರ್ಕಿನ ಬೆಂಚಿನಲ್ಲಿ ಹಿರಿಯರು ತಮ್ಮ ಶುಗರು, ಬಿಪಿ, ಮಂಡಿನೋವು ಹೇಳಿಕೊಳ್ಳುವ ಹಾಗೆಯೇ ಕೆನೆತ್ ಮತ್ತು ನಮ್ಮವರು ಎಂಜಿನ್ನುಗಳ ಕಾಯಿಲೆ ಮಾತಾಡಿಕೊಂಡರು. ಕೆನೆತ್ ಅವರ ಇಂಗ್ಲಿಷು ನಮ್ಮವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ನಮ್ಮವರದು ಅವರಿಗೆ ಮುಕ್ಕಾಲು. ಆದರೂ ಮಾತು ನಿಲ್ಲಲಿಲ್ಲ.

ಒಂದು ವಿಚಿತ್ರ ಕಂಡೆ. ಕೆನೆತ್ ಒಂದು ಹಸಿರು ಡೀಸೆಲ್ಲನ್ನು ನಮ್ಮವರ ಕೈಗೆ ಕೊಡುವ ಮೊದಲು "ಕೊಡಲೇ?" ಎಂದು ಕೇಳಿದರು. ನಮ್ಮವರದನ್ನು ಮುಟ್ಟುವ ಮೊದಲು "ಮುಟ್ಟಲೇ?" ಎಂದು ಕೇಳಿದರು. ನಮ್ಮ ಮಹಡಿಗೆ ಬರುವ ನೆಂಟರು ಮಾತಿಗೆ ಮುಂಚೆ ಎಂಜಿನ್ ಎತ್ತಿಕೊಂಡು, ತಿರುವಿ ನೋಡಿ, ಅದರ ಪುಟ್ಟ ಮೆಟ್ಟಿಲೋ ಏಣಿಯೋ ಮುರಿದು, "ಫೆವಿಕಾಲ್ ಹಾಕಿದ್ರೆ ಕೂರುತ್ತೆ ಬಿಡಿ" ಎನ್ನುವುದನ್ನು ಕಂಡಿದ್ದ ನನಗೆ ಇದು ಬೇರೆಯೇ ಲೋಕ.

ಇನ್ನೊಂದು ವಿಚಿತ್ರ ಆ ಹಸಿರು ಎಂಜಿನ್ನಿನ ಅಡಿಯಲ್ಲಿತ್ತು. ಚಕ್ರಗಳ ನಡುವಿನ ಲೋಹದ ತಗಡಿನ ಮೇಲೆ ಮೊಳೆಯಿಂದ ಗೀಚಿದ ಅಕ್ಷರಗಳು. ಕೇಳಿದೆ. ಈ ಕ್ಲಬ್ಬಿನಲ್ಲಿ ಯಾವ ಎಂಜಿನ್ನನ್ನು ಯಾರು ಬಿಚ್ಚಿ ಕೆಲಸ ಮಾಡಿದರೂ ಅಡಿಯಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಗೀಚಬೇಕಂತೆ. "ಇದು ನಾನು. ಇದು ಮೊರೀನ್, ಬಣ್ಣವೆಲ್ಲ ಅವಳದೇ, ನನ್ನ ಗಂಟುಬೆರಳಿಗೆ ಆಗುವುದಿಲ್ಲ. ಈ ಮೂವರು ಈಗ ಇಲ್ಲ" ಎಂದು ಕೆನೆತ್ ತೋರಿಸಿದರು. ನಮ್ಮವರು ಆ ತಗಡನ್ನು ಬಹಳ ಹೊತ್ತು ನೋಡಿದರು.

ಚರ್ಚಿನ ಹಾಲ್, ಬೆಳಿಗ್ಗೆ

ಪ್ರದರ್ಶನ ನಡೆದದ್ದು ಒಂದು ಹಳೆಯ ಕಲ್ಲಿನ ಚರ್ಚಿನ ಹಾಲಿನಲ್ಲಿ. ಎತ್ತರದ ಸೂರು, ಕಲ್ಲು ನೆಲ, ಬಾಯಿ ತೆರೆದರೆ ಹಬೆ. ಮಧ್ಯದಲ್ಲಿ ಹಾಲಿನ ಉದ್ದಕ್ಕೂ ಹಳಿ. ಕ್ಲಬ್ಬಿನವರೆಲ್ಲ ಹತ್ತು ಜೇಬಿನ ತೋಳಿಲ್ಲದ ಜಾಕೀಟು ತೊಟ್ಟು, ಒಂದೊಂದು ಜೇಬಿನಿಂದ ಒಂದೊಂದು ಸ್ಕ್ರೂಡ್ರೈವರ್ ತೆಗೆಯುತ್ತಿದ್ದರು. ಜನರನ್ನು ಒಳಗೆ ಬಿಡುವ ಮೊದಲು ಹೊಸ ಎಂಜಿನ್ನುಗಳಿಗೆಲ್ಲ ಒಂದು ಸುತ್ತು ಪರೀಕ್ಷೆ.

ನಮ್ಮದರ ಸರದಿ ಬಂತು. ನಮ್ಮವರು ಗುಂಡಿ ಒತ್ತಿದರು. ದೀಪ ಹತ್ತಿತು. ಗುಡುಗುಡು ಶುರುವಾಯಿತು. ಹಾರನ್ ಭೋಂ ಎಂದಿತು. ಸುತ್ತ ನಿಂತವರು "ಓಹ್" ಎಂದರು. ಚಕ್ರ ಮಾತ್ರ ತಿರುಗಲಿಲ್ಲ.

ಮತ್ತೆ ಒತ್ತಿದರು. ಭೋಂ. ದೀಪ ಉರಿಯುತ್ತಿದೆ, ಎಂಜಿನ್ ಗುರುಗುಟ್ಟುತ್ತಿದೆ, ಇದ್ದಲ್ಲೇ ನಿಂತಿದೆ. ಸಂಜೆಯ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ಬಸ್ಸಿನ ಹಾಗೆ. ಬೇರೆ ಸಮಯದಲ್ಲಾದರೆ ಇದನ್ನು ಹೇಳಿ ನಗುತ್ತಿದ್ದೆ. ನಮ್ಮವರ ಮುಖ ನೋಡಿ ಎಂಜಿನ್ನನ್ನು ಹಳಿಯಿಂದ ಎತ್ತಿಕೊಂಡೆ.

ಗೋಡೆ ಪಕ್ಕದ ಮೇಜಿಗೆ ತಂದು ಮೇಲ್ಕವಚ ಕಳಚಿದೆವು. ನಮ್ಮವರು ಮೋಟರಿಗೆ ಮೂಗು ಹಿಡಿದು ನೋಡಿದರು. ಅವರ ಕಸುಬಿನಲ್ಲಿ ಮೊದಲ ಪರೀಕ್ಷೆ ಮೂಗಿನದು. "ಸುಟ್ಟ ವಾಸ್ನೆ ಇಲ್ಲ" ಎಂದರು. ಅಡಿಯ ತಗಡು ತೆಗೆದರೆ ಗೇರುಗಳ ಸುತ್ತ ಬಿಳಿ ಗ್ರೀಸು ತುಂಬಿತ್ತು. ಗ್ರೀಸು ಬಿಳಿಯಾಗಿಯೇ ಇರುತ್ತದೆ, ಮೋಟರ್ ಕೂರಿಸಿದಾಗ ಹಾಕಿದ್ದಿರಬೇಕು ಎಂದುಕೊಂಡೆವು. ಕೆನೆತ್ ಕೂಡ ನೋಡಿ, "ಗ್ರೀಸು ಸ್ವಲ್ಪ ಧಾರಾಳವಾಯಿತು" ಎಂದಷ್ಟೇ ಹೇಳಿದರು. ತಂತಿಗಳನ್ನು ಒಂದೊಂದಾಗಿ ನೋಡಿದೆವು. ಎಲ್ಲ ಸರಿ ಇದ್ದವು.

ನಮ್ಮವರು ಕುರ್ಚಿಯಲ್ಲಿ ಕೂತುಬಿಟ್ಟರು. ಎರಡೂ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಅದುಮಿ ಹಿಡಿದುಕೊಂಡಿದ್ದರು.

"ಗೇರ್ ಕೂರ್ಸೋವಾಗ ನಾನೇ ಸರಿಯಾಗಿ ನೋಡ್ಲಿಲ್ಲ ಕಣೆ. ಕಣ್ಣೂ ಹೋಯ್ತು ಅಂತ ಕಾಣ್ಸುತ್ತೆ" ಎಂದರು. ಆಮೇಲೆ ಬಹಳ ಮೆಲ್ಲಗೆ, "ಮೇಷ್ಟ್ರಿಗೆ ಫೋನ್ ಮಾಡಿ ಹೇಳ್ಬಿಡು, ಮುಂದಿನ ತಿಂಗಳಿಂದ ಬರ್ಲಿ."

ನನಗೆ ಅಳು ಬಂತು. ಕೈ ಹೋಯಿತು ಎಂದಾಗ ಅವರು ತಾಳಿಕೊಂಡಿದ್ದರು. ಈಗ ಕಣ್ಣೂ ಹೋಯಿತು ಎನ್ನುತ್ತಿದ್ದಾರೆ. ಆ ಮಹಡಿಯಿಂದ ರೈಲು ಕೆಳಗಿಳಿದರೆ ಇವರು ಮೇಲೆ ಹತ್ತುವುದಕ್ಕೆ ಇನ್ನೊಂದು ಕಾರಣ ಇರುವುದಿಲ್ಲ. ಫೋನ್ ತೆಗೆಯಲೇ ಇಲ್ಲ. ಕಿವಿಯ ಮಫ್ಲರ್ ಬಿಗಿ ಮಾಡಿಕೊಂಡು ಎಂಜಿನ್ನಿನ ಮುಂದೆ ಮತ್ತೆ ಬಗ್ಗಿದೆ.

ಕೇಕಿನ ವಾಸನೆ

ಅಷ್ಟರಲ್ಲಿ ಮೊರೀನ್ ಟೀ ತಂದರು. ಅಲ್ಲಿ ಯಾವ ಕಷ್ಟ ಬಂದರೂ ಮೊದಲು ಟೀ ತರುತ್ತಾರೆ, ಆಮೇಲೆ ಕಷ್ಟ ಏನೆಂದು ಕೇಳುತ್ತಾರೆ. ಲೋಟ ಮೇಜಿನ ಮೇಲಿಟ್ಟವರು ಮೂಗು ಅರಳಿಸಿದರು.

"ಯಾರಾದರೂ ತೆಂಗಿನಕಾಯಿ ಕೇಕ್ ತಂದಿದ್ದೀರಾ?"

ನನಗೆ ನಾಚಿಕೆಯಾಯಿತು. "ಅದು ನನ್ನ ತಲೆ" ಎಂದೆ. ಬೆಳಿಗ್ಗೆ ಕರಗಿದ ಎಣ್ಣೆಯನ್ನು ಚೆನ್ನಾಗಿಯೇ ಹಚ್ಚಿಕೊಂಡಿದ್ದೆ.

ಮೊರೀನ್ "ಮೂಸಲೇ?" ಎಂದು ಕೇಳಿ, ಬಹಳ ಗೌರವದಿಂದ ನನ್ನ ನೆತ್ತಿಯ ಬಳಿ ಬಂದು ಮೂಸಿದರು. ಆಮೇಲೆ ಮೇಜಿನ ಮೇಲೆ ಬಗ್ಗಿ ಬಿಚ್ಚಿಟ್ಟ ಎಂಜಿನ್ ಮೂಸಿದರು. ಮತ್ತೆ ನನ್ನ ತಲೆ. ಮತ್ತೆ ಎಂಜಿನ್. ನೆಟ್ಟಗೆ ನಿಂತು, "ಇಬ್ಬರದೂ ಒಂದೇ" ಎಂದರು.

ನಾನು ಗೇರಿನ ಬಿಳಿ ಗ್ರೀಸನ್ನು ಬೆರಳ ತುದಿಯಲ್ಲಿ ತೆಗೆದುಕೊಂಡೆ. ಎರಡು ಬೆರಳ ನಡುವೆ ಒತ್ತಿ ಹಿಡಿದೆ. ಬೆರಳಿನ ಬಿಸಿಗೆ ಅದು ಕರಗಿ ಎಣ್ಣೆಯಾಗಿ ಇಳಿಯಿತು. ಹೀಟರ್ ಮೇಲೆ ಎಂಜಿನ್ನಿನ ಪಕ್ಕ ಕೂತಿದ್ದ ತಲೆಗೆಣ್ಣೆ ಬಾಟಲಿ ಕಣ್ಣ ಮುಂದೆ ಬಂತು. ಕುತ್ತಿಗೆಯವರೆಗೆ ತುಂಬಿದ್ದ ಆ ಸೂಜಿಮೂತಿಯ ಬಾಟಲಿಯೂ ಬಂತು. ಮೂವತ್ತು ವರ್ಷದಿಂದ ಕೊಬ್ಬರಿ ಎಣ್ಣೆಯ ವಾಸನೆಯಲ್ಲೇ ಇರುವ ನಮ್ಮ ಮೂಗಿಗೆ ಅದೊಂದು ವಾಸನೆ ಎಂದೇ ಗೊತ್ತಾಗಿರಲಿಲ್ಲ.

ಈಗ ಫೋನ್ ತೆಗೆದೆ. ಮೇಷ್ಟ್ರಿಗಲ್ಲ, ಅತ್ತೆಗೆ. ಇಟ್ಟಮಡುವಿನಲ್ಲಿ ಅದು ಊಟದ ನಂತರದ ನಿದ್ದೆಯ ಹೊತ್ತು.

"ಅತ್ತೆ, ಮಹಡಿ ಮೇಲೆ ಸೂಜಿ ಥರ ಮೂತಿ ಇರೋ ಸಣ್ಣ ಬಾಟ್ಲಿ ಇತ್ತಲ್ಲ..."

"ಹೂಂ ಕಣೇ, ಖಾಲಿ ಆಗೋಗಿತ್ತು. ಊರಿಗೆ ಹೋಗೋ ಟೈಮಲ್ಲಿ ನೀವು ಪರದಾಡ್ತೀರ ಅಂತ ನಾನೇ ತುಂಬ್ಸಿಟ್ಟೆ. ಯಾಕೆ, ಸಾಕಾಗ್ಲಿಲ್ವಾ?"

"ಏನ್ ತುಂಬ್ಸಿದ್ರಿ?"

"ಏನಂದ್ರೆ? ಎಣ್ಣೆ. ಗಾಣದ್ದು ಕಣೇ, ಶುದ್ಧವಾದ್ದು. ಅಂಗಡೀದಲ್ಲ" ಎಂದರು ಹೆಮ್ಮೆಯಿಂದ.

ನಮ್ಮ ಮನೆಯಲ್ಲಿ ಖಾಲಿಯಾದ ಯಾವುದನ್ನೂ ಅತ್ತೆ ಖಾಲಿ ಇರಲು ಬಿಡುವುದಿಲ್ಲ. ಉಪ್ಪಿನ ಭರಣಿ, ದೀಪ, ನೀರಿನ ಬಿಂದಿಗೆ, ಎಲ್ಲ ಯಾರೂ ಹೇಳದೆ ತುಂಬಿರುತ್ತವೆ. ಮಗನ ಬಾಟಲಿಯೊಂದು ಖಾಲಿ ಕಂಡರೆ ಆಕೆ ಬಿಡುತ್ತಾರೆಯೇ? ಅವರ ಕೈಗೆ ಇರುವ ಎಣ್ಣೆ ಒಂದೇ. ಬಾಗಿಲಿನ ಕೀಲಿಗೂ ಅದೇ, ಮೊಮ್ಮಕ್ಕಳ ನೆತ್ತಿಗೂ ಅದೇ.

ನಮ್ಮವರಿಗೆ ಹೇಳಿದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ನಗು ಶುರುವಾಯಿತು. ಕುರ್ಚಿಯಲ್ಲಿ ಬಗ್ಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಗೇರು ಸರಿಯಾಗೇ ಕೂರ್ಸಿದೀವಿ ಕಣೆ! ಅಮ್ಮ ತಲೆಗೆ ಎಣ್ಣೆ ಹಚ್ಚಿದಾಳೆ ಅಷ್ಟೇ!" ಕೆನೆತ್‌ಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ತಮ್ಮ ಜಾಕೀಟಿನ ಎಲ್ಲ ಜೇಬು ತಡಕಿದರು, ಕರವಸ್ತ್ರ ಎಲ್ಲೂ ಇರಲಿಲ್ಲ, ತೋಳಿನಲ್ಲೇ ಕಣ್ಣೊರೆಸಿಕೊಂಡರು.

ಚರ್ಚಿನ ಹಾಲ್, ಮಧ್ಯಾಹ್ನ

ಮೊರೀನ್ ಓಡಿಹೋಗಿ ಮನೆಯಿಂದ ಕೂದಲು ಒಣಗಿಸುವ ಡ್ರೈಯರ್ ತಂದರು. ಅದರ ಬಿಸಿ ಗಾಳಿಗೆ ಗೇರುಗಳ ಸುತ್ತಲ ಬೆಣ್ಣೆ ಕರಗಿತು. ಹತ್ತಿಯಲ್ಲಿ ಒರೆಸಿ, ಒಂದೊಂದೇ ಗೇರು ಹೊರತೆಗೆದು ಸ್ಪಿರಿಟ್ಟಿನಲ್ಲಿ ತೊಳೆದೆ. ನಮ್ಮವರು ಪಕ್ಕದಲ್ಲಿ ಕೂತು, "ಅದಲ್ಲ, ಅದರ ಪಕ್ಕದ್ದು ಮೊದಲು... ಹಲ್ಲು ಒಳಮುಖ... ನಿಧಾನ, ಎಡಕ್ಕೆ ಒಂಚೂರು" ಎನ್ನುತ್ತಿದ್ದರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ನನಗೆ ಕಾಣದ ಒಂದು ಕೂದಲೆಳೆಯನ್ನು ಗೇರಿನ ಹಲ್ಲಿನಿಂದ ತೆಗೆಸಿದರು. ಅದು ನನ್ನದೇ ಕೂದಲು.

ಕೆನೆತ್ ತಮ್ಮ ಎಣ್ಣೆಯನ್ನು ಕೊಟ್ಟರು. ಗೇರಿಗೆ ಒಂದು ಹನಿ ಬಿಟ್ಟೆ. ಇನ್ನೊಂದು ಬಿಡಲು ಹೋದಾಗ ನಾಲ್ಕು ಕಡೆಯಿಂದ "ಸಾಕು" ಎಂಬ ದನಿ ಬಂತು. ನಮಗೆ ಎಣ್ಣೆ ಎಂದರೆ ಧಾರಾಳ, ಅವರಿಗೆ ಎಣ್ಣೆ ಎಂದರೆ ಔಷಧಿ. ಈ ಒಂದು ವಿಷಯದಲ್ಲಿ ಅವರ ದಾರಿಯೇ ಸರಿ ಎಂದು ಒಪ್ಪಿಕೊಳ್ಳುತ್ತೇನೆ.

ತಗಡು ಮುಚ್ಚುವ ಮೊದಲು ಕೆನೆತ್ ಒಂದು ಚೂಪು ಮೊಳೆ ಮುಂದಿಟ್ಟು, "ಬಿಚ್ಚಿದವರು ಗೀಚಬೇಕು" ಎಂದರು. ನಾನು ನಮ್ಮವರ ಕಡೆ ನೋಡಿದೆ. ಅವರು ಮೊಳೆ ತೆಗೆದುಕೊಂಡು, ತಗಡನ್ನು ಮೇಜಿಗೆ ಅದುಮಿ, ಮೊದಲು "ಗಿ" ಎಂದು ಗೀಚಿದರು. ನಡುಗುವ ಕೈಯಲ್ಲಿ ಅಕ್ಷರ ಅಲೆಅಲೆಯಾಗಿ ಬಂತು. ಆಮೇಲೆ ತಮ್ಮದು, "ಪ್ರ". ಕೆನೆತ್ ಮತ್ತು ಮೊರೀನ್ ಕೂಡ ಗೀಚಿದರು. ತಗಡು ಎತ್ತಿಕೊಳ್ಳುತ್ತಿದ್ದ ಹಾಗೆ ನಮ್ಮವರು "ತಡಿ" ಎಂದು ಮೊಳೆ ಮತ್ತೆ ಹಿಡಿದು, ಮೂಲೆಯಲ್ಲಿ ಇನ್ನೊಂದು ಅಕ್ಷರ ಸೇರಿಸಿದರು. "ಪಾ".

"ಅಮ್ಮಾನೂ ಕೆಲಸ ಮಾಡಿದಾಳಲ್ಲ" ಎಂದರು.

ಮಧ್ಯಾಹ್ನ ಜನ ತುಂಬಿದರು. ನಮ್ಮ ನೀಲಿ ಡೀಸೆಲ್ ವಿಭೂತಿ, ಚೆಂಡು ಹೂವಿನ ಹಾರದ ಸಮೇತ ಹಳಿ ಹತ್ತಿತು. ಗುಂಡಿ ಒತ್ತುವ ಮೊದಲು ನಮ್ಮವರು ನನ್ನ ಕಡೆ ನೋಡಿದರು. ಭೋಂ ಎಂದಿತು. ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ, ನಿಜವಾದ ಭಾರದ ಎಂಜಿನ್ ಹೊರಡುವ ಹಾಗೆ, ಹೊರಟಿತು. ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಹಾಲ್ ಮುಚ್ಚುವವರೆಗೂ ಅದು ನಿಲ್ಲಲಿಲ್ಲ. ಅಲ್ಲಿನವರು ಜೋರಾಗಿ ಚಪ್ಪಾಳೆ ತಟ್ಟುವುದಿಲ್ಲ, ತಲೆ ಆಡಿಸುತ್ತಾರೆ. ನಮ್ಮವರ ಸುತ್ತ ಬಹಳ ತಲೆಗಳು ಆಡಿದವು. ಅಜ್ಜಿಯೊಬ್ಬರು ಬಂದು ಹಾರ ಯಾರು ಕಟ್ಟಿದ್ದೆಂದು ಕೇಳಿದರು. ನಾನು ಮಫ್ಲರ್ ಬಿಚ್ಚಿ ನೆಟ್ಟಗೆ ನಿಂತೆ.

ಮತ್ತೆ ಇಟ್ಟಮಡು

ಎಂಜಿನ್ ಓಡಿದ ಮೇಲೆ ಕೋಣೆಯ ಮಾತನ್ನು ನಮ್ಮವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೇಳಿದ ಮಾತು ಹೇಳಿದ್ದೇ, ಓಡಿದರೆ ಸರಿ ಎಂದಿದ್ದರು. ಆದರೂ ಬಾಗಿಲ ಹಿಂದೆ ಆ ಬೋರ್ಡು ನಿಂತೇ ಇತ್ತು. ನಾನು ಗುಡಿಸುವಾಗಲೆಲ್ಲ ಅದನ್ನು ಸರಿಸುತ್ತಿದ್ದೆ, ಮತ್ತೆ ಅಲ್ಲೇ ಇಡುತ್ತಿದ್ದೆ. ಕೆನೆತ್ ಕೊಟ್ಟ ಹೊಸ ಎಣ್ಣೆ ಬಾಟಲಿಯನ್ನು ಮಾತ್ರ ನನ್ನ ಹೊಲಿಗೆ ಡಬ್ಬಿಯಲ್ಲಿ ಬಚ್ಚಿಟ್ಟೆ. ಅತ್ತೆಗೆ ತಗಡು ತಿರುವಿ "ಪಾ" ತೋರಿಸಿದೆವು. "ನನ್ ಹೆಸ್ರು ಯಾಕಪ್ಪ ಗಾಲಿ ಕೆಳಗೆ ಹಾಕಿದೀರ?" ಎಂದು ಬೈದರು. ಆಮೇಲೆ ಬಂದ ನೆಂಟರಿಗೆಲ್ಲ ತಾವೇ ಎಂಜಿನ್ ಎತ್ತಿ ತೋರಿಸುತ್ತಿದ್ದಾರೆ.

ಒಂದು ಭಾನುವಾರ ಬೆಳಿಗ್ಗೆ ಟ್ಯೂಷನ್ ಮೇಷ್ಟ್ರು ಗೇಟಿಗೆ ಬಂದರು. "ಸಾರ್, ಆ ರೂಮ್ ವಿಷ್ಯ..." ಎಂದರು. ನಮ್ಮವರು ಒಳಗೆ ಬಂದು, "ಗಿರಿಜಾ, ಆ ಬೋರ್ಡ್ ಕೊಡು" ಎಂದರು.

ಕಾಲೆಳೆಯುತ್ತ ಹೋಗಿ ಬಾಗಿಲ ಹಿಂದಿನಿಂದ ತಂದುಕೊಟ್ಟೆ. ಅವರು ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು, ಆದರೆ ಗೇಟಿನ ಕಡೆ ಹೋಗಲಿಲ್ಲ. "ಮೇಷ್ಟ್ರೇ, ಬೇರೆ ಕಡೆ ನೋಡ್ಕೊಳ್ಳಿ, ಅಲ್ಲಿ ಕೆಲಸ ನಡೀತಿದೆ" ಎಂದು ಅಲ್ಲಿಂದಲೇ ಕೂಗಿ, ಮಹಡಿ ಹತ್ತಿದರು. ನಾನು ಹಿಂದೆಯೇ ಓಡಿದೆ.

ಬೋರ್ಡನ್ನು ಅಕ್ಷರ ಕೆಳಗಾಗಿ ಮೇಜಿನ ಮೇಲೆ ಮಗುಚಿ ಹಾಕಿದರು. ಹಿಂಭಾಗ ಒಳ್ಳೆಯ ನುಣುಪು ಪ್ಲೈವುಡ್. ಕೆನೆತ್ ಶೆಡ್ಡಿನಲ್ಲಿದ್ದ ಹಾಗೆ ನಮಗೂ ಒಂದು ಎಂಜಿನ್ ಶೆಡ್ ಬೇಕು, ಅದಕ್ಕೊಂದು ಹಳಿ ಇಲ್ಲಿಂದ ಕವಲೊಡೆಯಬೇಕು ಎಂದು ವಿವರಿಸಿದರು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಈ ತುದಿಯಿಂದ ಆ ತುದಿಗೆ ಹಳಿಯ ಗೆರೆ ಎಳೆದರು. ಕೈ ನಡುಗಿ ಗೆರೆ ಅಂಕುಡೊಂಕಾಗಿ ಹೋಯಿತು.

"ಸ್ಕೇಲ್ ತರ್ಲಾ?" ಎಂದೆ.

ಅವರು ಗೆರೆಯನ್ನು ನೋಡಿದರು, ನನ್ನನ್ನು ನೋಡಿದರು.

"ಬೇಡ. ಈ ಗೆರೆ ಮೇಲೇ ಹಳಿ ಕೂರ್ಸು. ಬಗ್ಗೋ ಹಳಿ ತಾನೆ, ರೈಲು ಹೋಗುತ್ತೆ."

ಹಾಗೆಯೇ ಕೂರಿಸಿದೆ. ಹೋಗುತ್ತದೆ.